ಎಂಟು ಹೊಸಬರು ಮತ್ತು ಕೆಂಪಾದ ನೀರು

"ಶನಿವಾರ ಒಂದು ಬ್ಯಾಚಿನ ಲ್ಯಾಬನ್ನ ಆ ಹೊಸ ಹುಡುಗರೇ ನಡೆಸ್ಲಿ. ನಾನು ಬಂದು ನೋಡ್ತೀನಿ. ಸರಿ ಅನ್ನಿಸಿದ್ರೆ ಸೋಮವಾರದಿಂದ ಅವರಿಗೆ ಬ್ಯಾಚ್ ಕೊಡಿ. ಇಲ್ಲಾಂದ್ರೆ ಹಳೇ ಪದ್ಧತೀನೇ ಇರ್ಲಿ ಮೇಡಂ."

ನಮ್ಮ ಪ್ರಿನ್ಸಿಪಾಲರು ಇಷ್ಟು ಹೇಳಿ ಮುಂದಿನ ಫೈಲಿಗೆ ಕೈ ಹಾಕಿದರು. ಅವರು ಇತಿಹಾಸದ ಮೇಷ್ಟ್ರು. ಲ್ಯಾಬ್ ಅಂದರೆ ಅವರಿಗೆ ಗಾಜು ಒಡೆಯುವ, ಬೆಂಕಿ ಹೊತ್ತಿಕೊಳ್ಳುವ ಜಾಗ. ಅಷ್ಟಕ್ಕಾದರೂ ಒಪ್ಪಿದರಲ್ಲ ಅಂತ ನಾನು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಲ್ಯಾಬಿಗೆ ಬಂದೆ. ಐವತ್ತರ ಹತ್ತಿರ ಬಂದ ಹೆಂಗಸು ಹಾಗೆಲ್ಲ ಇಳಿಯಬಾರದು, ಗೊತ್ತು. ಆದರೆ ಎರಡು ವರ್ಷದಿಂದ ಕೇಳಿಕೊಂಡು ಬಂದದ್ದು ಆವತ್ತು ಸಿಕ್ಕಿತ್ತು.

ಹಳೇ ಪದ್ಧತಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮಧುಗಿರಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಎಂಟು ಟೇಬಲ್ ಇವೆ, ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಬ್ಯುರೆಟ್‌ಗಳಿವೆ, ಎಲ್ಲ ಇದೆ. ಇಲ್ಲದಿರುವುದು ಜನ. ಮೊದಲ ವರ್ಷದ ಬಿ.ಎಸ್ಸಿ. ಮಕ್ಕಳು ಬ್ಯಾಚಿಗೆ ಇಪ್ಪತ್ನಾಲ್ಕು ಜನ ಬರುತ್ತಾರೆ, ನಾನೊಬ್ಬಳು. ಹಾಗಾಗಿ ಮುಂದಿನ ಟೇಬಲ್ಲಿನಲ್ಲಿ ನಾನು ಪ್ರಯೋಗ ಮಾಡುವುದು, ಅವರು ಸುತ್ತ ಮುಂಗಾಲ ಮೇಲೆ ನಿಂತು ಇಣುಕುವುದು, ನಾನು ಹೇಳಿದ ರೀಡಿಂಗ್ ಬರೆದುಕೊಳ್ಳುವುದು. ಬ್ಯುರೆಟ್ಟಿನ ತಿರುಪನ್ನು ಒಮ್ಮೆಯೂ ಮುಟ್ಟದೆ ಎರಡನೇ ವರ್ಷಕ್ಕೆ ದಾಟಿದವರು ಎಷ್ಟು ಜನವೋ. ಈ ವರ್ಷ ಎಂ.ಎಸ್ಸಿ.ಗೆ ಸೇರಿದ ಎಂಟು ಜನರನ್ನು ತಯಾರು ಮಾಡಿ, ಒಬ್ಬೊಬ್ಬರಿಗೆ ಒಂದು ಟೇಬಲ್, ಟೇಬಲ್ಲಿಗೆ ಮೂರು ಮಕ್ಕಳು ಅಂತ ಕೊಟ್ಟುಬಿಟ್ಟರೆ? ಅದೇ ನನ್ನ ಆಸೆ. ಅದಕ್ಕೆ ನನಗೆ ಸಿಕ್ಕಿದ್ದು ಆರು ದಿನ.

ಸೋಮವಾರ ಎಂಟೂ ಜನ ಹೊಸ ಬಿಳಿ ಏಪ್ರನ್ ಹಾಕಿಕೊಂಡು ಬಂದು ಕೂತರು. ಕೊರಟಗೆರೆ, ಶಿರಾ, ಪಾವಗಡ, ನಮ್ಮ ಮಧುಗಿರಿ, ನಾಲ್ಕೂ ತಾಲ್ಲೂಕಿನವರು. ಬರುವಾಗ ತಮ್ಮ ತಮ್ಮ ಊರಿನ ಬೋರ್‌ವೆಲ್ ನೀರನ್ನು ಒಂದೊಂದು ಬಾಟಲ್ ತನ್ನಿ ಅಂತ ಮೊದಲೇ ಹೇಳಿದ್ದೆ. ಐ.ಡಿ.ಹಳ್ಳಿಯ ನೀರು, ತಾವರೆಕೆರೆಯ ನೀರು, ವಳ್ಳೂರಿನ ನೀರು ಎಲ್ಲ ಸಾಲಾಗಿ ನಿಂತಿದ್ದವು, ತಂಪು ಪಾನೀಯದ ಬಾಟಲಿಗಳ ಮೇಲೆ ಪೆನ್ನಿನಲ್ಲಿ ಊರ ಹೆಸರು. ನೀರಿನ ಗಡಸುತನ ಅಳೆಯುವ ಪ್ರಯೋಗವನ್ನೇ ತರಬೇತಿಗೆ ಆರಿಸಿದ್ದೆ. ನಮ್ಮ ಕಡೆಯವರಿಗೆ ಗಡಸು ನೀರು ಅಂದರೆ ಏನು ಅಂತ ಯಾರೂ ವಿವರಿಸಬೇಕಾಗಿಲ್ಲ, ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ.

ಆವತ್ತು ಮಧ್ಯಾಹ್ನ ಒಬ್ಬೊಬ್ಬರೂ ಬೋರ್ಡಿನ ಮುಂದಿನ ಕಟ್ಟೆ ಹತ್ತಿ ಐದು ನಿಮಿಷ ಪಾಠ ಮಾಡಬೇಕಿತ್ತು. ನನಗೆ ನಗು ತಡೆಯಲಾಗಲಿಲ್ಲ. ಕೆಳಗೆ ಕೂತಾಗ ಚಟಪಟ ಮಾತಾಡುವ ಹುಡುಗರು ಕಟ್ಟೆ ಹತ್ತಿದ ಕೂಡಲೇ ಗಂಟಲು ಸರಿಮಾಡಿಕೊಂಡು, "ಹಾಂ, ಬರ್ಕೊಳ್ಳಿ" ಅನ್ನುತ್ತಿದ್ದರು. ಆರು ಜನ ಹಾಗೇ ಶುರುಮಾಡಿದರು. ತಾವರೆಕೆರೆಯ ಹುಡುಗನಂತೂ ಕೈಯಲ್ಲಿ ಸೀಮೆಸುಣ್ಣ ಕುಟ್ಟುತ್ತ, ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳುತ್ತ ಥೇಟ್ ನನ್ನ ಥರವೇ ಮಾಡಿದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾಟಲಿಗಳ ಕಡೆ ನೋಡಿದೆ.

ಕೊನೆಗೆ ವಳ್ಳೂರಿನ ಹುಡುಗಿ ಬಂದಳು. ಪಾವಗಡದಲ್ಲಿ ಡಿಗ್ರಿ ಮುಗಿಸಿ ಬಂದವಳು, ಮನೆಮಾತು ತೆಲುಗು. ಸುತ್ತ ಸೋಲಾರ್ ಪ್ಯಾನೆಲ್ ಹಾಸಿರುವ ಊರು ಅವಳದು, ಅವರಪ್ಪ ಆ ಪ್ಯಾನೆಲ್ ತೊಳೆಯುವ ಗುಂಪಿನಲ್ಲಿ ಕೆಲಸಕ್ಕಿದ್ದಾರೆ. ಕಟ್ಟೆಯ ಮೇಲೆ ನಿಂತು ಅವಳು ಏನೋ ಹೇಳಿದಳು. ಮೊದಲ ಬೆಂಚಿನಲ್ಲಿದ್ದ ನನಗೇ ಕೇಳಲಿಲ್ಲ.

"ಸ್ವಲ್ಪ ಜೋರಾಗಿ ಹೇಳಮ್ಮ."

ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಐದು ನಿಮಿಷ ಅಲ್ಲ, ಒಂದೂವರೆ ನಿಮಿಷಕ್ಕೆ ಇಳಿದುಬಿಟ್ಟಳು. ನನಗೆ ಶನಿವಾರದ ಚಿಂತೆ ಹತ್ತಿತು. ಪ್ರಿನ್ಸಿಪಾಲರು ಬಂದು ನಿಂತಾಗ ಇವಳು ಹೀಗೆ ಗುಸುಗುಸು ಮಾಡಿದರೆ ಎಂಟೂ ಜನದ ಕಥೆ ಮುಗಿಯಿತು. ಅವಳ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಾರನೇ ದಿನ ನಾನು ಮಾಡಿದ್ದಕ್ಕೆಲ್ಲ ಆ ಚಿಹ್ನೆಯೇ ಕಾರಣ.

ಮಂಗಳವಾರ ಪ್ರಯೋಗ. ವಿಧಾನ ಸುಲಭ. ಊರಿನ ನೀರು ಹತ್ತು ಮಿಲಿ ಲೀಟರ್, ಅದಕ್ಕೆ ನಲವತ್ತು ಮಿಲಿ ಲೀಟರ್ ಡಿಸ್ಟಿಲ್ಡ್ ನೀರು, ಅಂದರೆ ಬಟ್ಟಿ ಇಳಿಸಿದ ನೀರು ಬೆರೆಸಿ ತೆಳು ಮಾಡಬೇಕು. ಮೂಗು ಮುಚ್ಚಿಕೊಳ್ಳುವಂತೆ ಮಾಡುವ ಅಮೋನಿಯಾ ಬಫರ್ ಒಂದಿಷ್ಟು. ಆಮೇಲೆ ಬಣ್ಣ ತೋರಿಸುವ ಇಂಡಿಕೇಟರ್ ಎರಡು ಹನಿ. ನೀರಿನಲ್ಲಿ ಸುಣ್ಣದಂಥ ಲವಣ ಇದ್ದರೆ ಬೀಟ್‌ರೂಟ್ ಬೇಯಿಸಿದ ನೀರಿನ ಕೆಂಪು ಬರುತ್ತದೆ. ಬ್ಯುರೆಟ್ಟಿನಿಂದ, ಆ ಲವಣವನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಯಾವುದೋ ಒಂದು ಹನಿಗೆ ಕೆಂಪು ಹೋಗಿ ನೀಲಿ ಆಗುತ್ತದೆ. ಅಲ್ಲಿ ನಿಲ್ಲಿಸಿ ಎಷ್ಟು ಖರ್ಚಾಯಿತು ಅಂತ ಓದಬೇಕು. ಹೆಚ್ಚು ಖರ್ಚಾದಷ್ಟೂ ನೀರು ಗಡಸು.

ಇದಕ್ಕೂ ಮುಂಚೆ ಒಂದು ಬ್ಲ್ಯಾಂಕ್ ಮಾಡಬೇಕು. ಊರಿನ ನೀರೇ ಇಲ್ಲದೆ, ಬರೀ ಡಿಸ್ಟಿಲ್ಡ್ ನೀರಿಗೆ ಬಫರ್, ಇಂಡಿಕೇಟರ್ ಹಾಕಿ ನೋಡುವುದು. ಅದರಲ್ಲಿ ಲವಣವೇ ಇಲ್ಲವಾದ್ದರಿಂದ ಹಾಕಿದ ಕೂಡಲೇ ನೀಲಿ ಬರುತ್ತದೆ, ಬ್ಯುರೆಟ್ ತಿರುಗಿಸುವ ಕೆಲಸವೇ ಇಲ್ಲ. ಸಮಯ ಉಳಿಯಲಿ ಅಂತ ನಾನು ಬೋರ್ಡಿನಲ್ಲಿ ಮೊದಲೇ ದೊಡ್ಡದಾಗಿ ಬರೆದಿಟ್ಟಿದ್ದೆ: ಬ್ಲ್ಯಾಂಕ್ = 0.

ಹತ್ತು ನಿಮಿಷಕ್ಕೆ ಏಳು ಜನ ಬ್ಲ್ಯಾಂಕ್ ಮುಗಿಸಿ ಸೊನ್ನೆ ಬರೆದು ಮುಂದೆ ಹೋದರು. ವಳ್ಳೂರಿನ ಹುಡುಗಿ ಮಾತ್ರ ಫ್ಲಾಸ್ಕ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಒಳಗೆ ಕೆಂಪು.

"ಮೇಡಂ, ನೀಲಿ ಬರಲಿಲ್ಲ."

"ಸರಿಯಾಗಿ ತೊಳೆದಿಲ್ಲ ಕಣಮ್ಮ. ತೊಳೆದು ಡಿಸ್ಟಿಲ್ಡ್ ನೀರಲ್ಲಿ ಮೂರು ಸಲ ಜಾಲಿಸು."

ಹೋದಳು, ತೊಳೆದಳು, ಬಂದಳು. ಕೆಂಪು. ಪಕ್ಕದವರ ಫ್ಲಾಸ್ಕ್ ತಗೋ ಅಂದೆ. ಮತ್ತೆ ಬಂದಳು, ಕೆಂಪು. ನನ್ನ ಸಹನೆ ಮೊದಲೇ ಅಳತೆಯದ್ದು. ಎಲ್ಲರೂ ಕೇಳುವಂತೆ, "ಏಳು ಜನಕ್ಕೆ ಬಂದದ್ದು ನಿನಗೊಬ್ಬಳಿಗೆ ಯಾಕೆ ಬರಲ್ಲ? ತೊಳೆಯೋದೂ ಹೇಳಿಕೊಡಬೇಕಾ? ನೋಡಮ್ಮ, ಶನಿವಾರ ನೀನು ಟೇಬಲ್ ಹತ್ರ ಬರಬೇಡ. ಮೂಲೆಯಲ್ಲಿ ಕೂತು ಮಕ್ಕಳ ರೆಕಾರ್ಡ್ ತಿದ್ದು, ಸಾಕು" ಅಂದುಬಿಟ್ಟೆ.

ಅವಳು ಅಳಲಿಲ್ಲ, ವಾದ ಮಾಡಲಿಲ್ಲ. "ಆಯ್ತು ಮೇಡಂ" ಅಂದು ತನ್ನ ಟೇಬಲ್ಲಿಗೆ ಹೋಗಿ ಮತ್ತೆ ಫ್ಲಾಸ್ಕ್ ತೊಳೆಯತೊಡಗಿದಳು. ಸಂಜೆಯವರೆಗೆ ಆರು ಸಲವೋ ಏಳು ಸಲವೋ ತೊಳೆದಿದ್ದಾಳೆ. ಅವಳ ಟೇಬಲ್ಲಿನ ವಾಷ್ ಬಾಟಲ್ ಖಾಲಿಯಾಗಿತ್ತು.

ಬುಧವಾರ ಬೆಳಿಗ್ಗೆ ನನಗೆ ಸ್ವಲ್ಪ ಪಶ್ಚಾತ್ತಾಪ, ಸ್ವಲ್ಪ ಹಮ್ಮು. ಬೈದದ್ದು ಜಾಸ್ತಿಯಾಯಿತು, ಕೈ ಹಿಡಿದು ತೋರಿಸಿಕೊಡೋಣ ಅಂದುಕೊಂಡೆ. ಎಂಟೂ ಜನರನ್ನು ಮುಂದಿನ ಟೇಬಲ್ ಸುತ್ತ ನಿಲ್ಲಿಸಿ, "ನೋಡಿ, ತೊಳೆಯೋದು ಅಂದ್ರೆ ಹೀಗೆ" ಅಂತ ಶುರುಮಾಡಿದೆ. ಹೊಸ ಫ್ಲಾಸ್ಕನ್ನು ಪೆಟ್ಟಿಗೆಯಿಂದ ತೆಗೆದೆ. ಸೋಪಿನಲ್ಲಿ ತೊಳೆದೆ, ನಲ್ಲಿ ನೀರಲ್ಲಿ ತೊಳೆದೆ, ಡಿಸ್ಟಿಲ್ಡ್ ನೀರಿನ ದೊಡ್ಡ ಕ್ಯಾನಿನಿಂದ ಹಿಡಿದು ನಾಲ್ಕು ಸಲ ಜಾಲಿಸಿದೆ. ನಲವತ್ತು ಮಿಲಿ ಲೀಟರ್ ಅಳೆದು ಹಾಕಿದೆ. ಬಫರ್ ಹಾಕಿದೆ. "ಈಗ ಏನು ಬರುತ್ತೆ?" ಅಂತ ಕೇಳಿದೆ.

"ನೀಲಿ ಮೇಡಂ" ಅಂತ ಏಳು ದನಿ.

ಇಂಡಿಕೇಟರ್ ಎರಡು ಹನಿ ಬಿಟ್ಟೆ. ಬೀಟ್‌ರೂಟ್ ಕೆಂಪು.

ನಾನು ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದೆ, ತಿರುಗಿಸಿದೆ. ನೋಡಿದಷ್ಟೂ ಕೆಂಪೇ. ನನ್ನ ಕಿವಿಯೂ ಅದೇ ಬಣ್ಣಕ್ಕೆ ಬಂದಿರಬೇಕು.

"ನಿನ್ನೆ ನಿಮಗೆಲ್ಲ ನೀಲಿ ಬಂದಿತ್ತಾ?" ಅಂತ ಏಳು ಜನರನ್ನು ಕೇಳಿದೆ.

ಕೊರಟಗೆರೆಯ ಹುಡುಗ ತನ್ನ ಚಪ್ಪಲಿ ನೋಡಿಕೊಂಡ. ಕೊನೆಗೆ ತಾವರೆಕೆರೆಯವನು, "ಇಲ್ಲ ಮೇಡಂ. ನಮಗೂ ಕೆಂಪೇ ಬಂದಿದ್ದು. ನೀವು ಬೋರ್ಡಲ್ಲಿ ಸೊನ್ನೆ ಅಂತ ಬರೆದ್ಬುಟ್ಟಿದ್ರಲ್ಲ, ಅದಕ್ಕೆ... ನಾವೇ ಎಲ್ಲೋ ತಪ್ಪು ಮಾಡಿರ್ಬೇಕು ಅಂತ ಸೊನ್ನೆ ಹಾಕ್ಬುಟ್ವಿ" ಅಂದ.

"ಏಳೂ ಜನಾನಾ?"

"ಹೂಂ ಮೇಡಂ. ಹಿಂದಿನ ವರ್ಷದ ಸೀನಿಯರ್ ರೆಕಾರ್ಡಲ್ಲೂ ಸೊನ್ನೇನೇ ಐತೆ."

ಇನ್ನೊಂದು ದಿನವಾಗಿದ್ದರೆ ಅವರ ಕಿವಿ ಹಿಂಡುತ್ತಿದ್ದೆ. ಆದರೆ ಬೋರ್ಡಿನಲ್ಲಿ ನನ್ನದೇ ಅಕ್ಷರ ಇನ್ನೂ ಅಳಿಸಿರಲಿಲ್ಲ. ನಾನು ಕಲಿಸಿದ್ದನ್ನೇ ಅವರು ಮಾಡಿದ್ದರು. ಮೇಡಂ ಹೇಳಿದ ಉತ್ತರ ಬರೆಯುವುದು, ಕಣ್ಣಿಗೆ ಕಂಡದ್ದನ್ನು ನುಂಗಿಕೊಳ್ಳುವುದು. ಇಂಥವರನ್ನು ಸೋಮವಾರದಿಂದ ಮೊದಲ ವರ್ಷದ ಮಕ್ಕಳ ಮುಂದೆ ನಿಲ್ಲಿಸಲು ಹೊರಟಿದ್ದೆನಲ್ಲ ಅಂತ ನಿಜಕ್ಕೂ ಭಯವಾಯಿತು.

ಆಗ ವಳ್ಳೂರಿನ ಹುಡುಗಿ ತನ್ನ ರೆಕಾರ್ಡ್ ಪುಸ್ತಕದೊಳಗಿಂದ ಒಂದು ಗಾಜಿನ ಸ್ಲೈಡ್ ತೆಗೆದು ನನ್ನ ಮುಂದಿಟ್ಟಳು. ಅದರ ಮೇಲೆ ಬಿಳಿ ಉಂಗುರದ ಥರ ಒಂದು ಕಲೆ.

"ನೀರೇ ಸರಿ ಇಲ್ಲ ಮೇಡಂ. ನಿನ್ನೆ ಆ ಕ್ಯಾನಿನ ನೀರು ಒಂದು ಹನಿ ಇದ್ರ ಮೇಲೆ ಬಿಟ್ಟು ಕಿಟಕಿ ಹತ್ರ ಬಿಸಿಲಿಗೆ ಇಟ್ಟಿದ್ದೆ. ಒಣಗಿದ ಮೇಲೆ ಇಂಗೆ ಕಲೆ ಬಂತು. ನಮ್ಮಪ್ಪಂಗೆ ಪ್ಯಾನೆಲ್ ತೊಳಿಯೋ ಕಡೆ ಇದೇ ಪರೀಕ್ಷೆ. ಕಲೆ ಬಿಡೋ ನೀರು ತಂದ್ರೆ ಸೂಪರ್‌ವೈಸರ್ ವಾಪಸ್ ಕಳಿಸ್ತಾರೆ. ಡಿಸ್ಟಿಲ್ಡ್ ನೀರು ಒಣಗಿದ್ರೆ ಏನೂ ಉಳೀಬಾರ್ದಲ್ವಾ ಮೇಡಂ?"

ಇಷ್ಟು ಉದ್ದ ಅವಳು ಮಾತಾಡಿದ್ದು ಅದೇ ಮೊದಲು. ದನಿ ಸಣ್ಣದೇ, ಆದರೆ ಎರಡು ಅಡಿ ದೂರದಲ್ಲಿದ್ದ ನನಗೆ ಒಂದಕ್ಷರ ಬಿಡದೆ ಕೇಳಿಸಿತು. ಅವಳ ಹಾಳೆ ನೋಡಿದೆ. ಕೆಂಪು ಹೋಗಿ ನೀಲಿ ಬರುವವರೆಗೆ ಬ್ಯುರೆಟ್ ಬಿಟ್ಟು, ಬ್ಲ್ಯಾಂಕ್ ಎದುರು 1.7 ಅಂತ ಬರೆದಿದ್ದಳು. ವಳ್ಳೂರಿನ ನೀರಿನ ರೀಡಿಂಗಿನಿಂದ ಅದನ್ನು ಕಳೆದು ಉತ್ತರ ತೆಗೆದಿದ್ದಳು. ಎಂಟು ಹಾಳೆಗಳಲ್ಲಿ ಸರಿಯಾದ ಉತ್ತರ ಅದೊಂದೇ!

ಅಟೆಂಡರನ್ನು ಕೂಗಿದೆ. ನಮ್ಮ ಲ್ಯಾಬಿಗೆ ನನಗಿಂತ ಹಳಬರು ಅವರು, ನಾನು ಅವರನ್ನು ಅಣ್ಣ ಅನ್ನುವುದು.

"ಅಣ್ಣ, ಈ ಕ್ಯಾನಿಗೆ ನೀರು ಎಲ್ಲಿಂದ ತುಂಬಿದ್ರಿ?"

ಅವರು ಕ್ಯಾನ್ ನೋಡಿದರು, ನನ್ನ ನೋಡಿದರು. "ಅದಾ ಮೇಡಂ... ಹೋದ್ ವಾರ ನೀರು ಬಟ್ಟಿ ಇಳಿಸೋ ಯಂತ್ರದ ಕಾಯಿಲ್ ಸುಟ್ಟೋಯ್ತು. ಒಳಗೆಲ್ಲ ಸುಣ್ಣ ಕಟ್ಕೊಂಡ್ಬುಟ್ಟಿತ್ತು. ನಿಮ್ಗೆ ಹೇಳಿದ್ರೆ ಈ ತರಬೇತಿ ನಿಲ್ಸ್‌ಬುಡ್ತೀರಾ ಅಂತ... ಎರಡು ವರ್ಷದಿಂದ ಓಡಾಡ್ತಿದ್ರಿ, ಪಾಪ. ಅದಕ್ಕೇ ಫಿಲ್ಟರ್ ನೀರು ತಂದು ತುಂಬ್ಸಿಟ್ಟೆ."

"ಫಿಲ್ಟರ್ ನೀರಾ!"

"ಹೂಂ ಮೇಡಂ, ಬೀದಿ ನಲ್ಲಿ ನೀರಲ್ಲ. ಫಿಲ್ಟರ್ ನೀರು. ನಮ್ಮನೇಲಿ ಮೊಮ್ಮಗೂಗೂ ಅದನ್ನೇ ಕುಡ್ಸೋದು. ಅದ್ಕಿಂತ ಶುದ್ಧ ನೀರು ಇನ್ಯಾವ್ದೈತೆ ಹೇಳಿ."

ನನಗೆ ಕೋಪ ಉಕ್ಕಿ ಬಂತು, ಬಾಯಿಗೆ ಬರುವ ಹೊತ್ತಿಗೆ ನಗುವಾಗಿತ್ತು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ಶುದ್ಧ ನೀರು ಅಂದರೆ ಫಿಲ್ಟರ್ ನೀರೇ. ಮನೆಗೆ ನೆಂಟರು ಬಂದರೆ ಆ ಕ್ಯಾನಿನಿಂದಲೇ ಕೊಡುವುದು. ಕುಡಿಯಲು ಅದು ಚೆನ್ನ, ಅದರಲ್ಲಿ ಒಂದಿಷ್ಟು ಲವಣ ಉಳಿದಿರುತ್ತದೆ. ನಮ್ಮ ಇಂಡಿಕೇಟರಿಗೆ ಅಷ್ಟು ಸಾಕು. ಅಟೆಂಡರಣ್ಣ ಮೋಸ ಮಾಡಿರಲಿಲ್ಲ. ತಮಗೆ ಗೊತ್ತಿದ್ದ ಅತ್ಯುತ್ತಮ ನೀರನ್ನು ತಂದು ಕೊಟ್ಟಿದ್ದರು. ಪುಣ್ಯಕ್ಕೆ ಬ್ಯುರೆಟ್ಟಿನ ದ್ರಾವಣವನ್ನು ಯಂತ್ರ ಕೆಡುವ ಮೊದಲೇ ನಾನು ಮಾಡಿಟ್ಟಿದ್ದೆ.

ಅಂದರೆ ಮಂಗಳವಾರ ಆ ಹುಡುಗಿ ಫಿಲ್ಟರ್ ನೀರಿನ ಫ್ಲಾಸ್ಕನ್ನು ಫಿಲ್ಟರ್ ನೀರಿನಲ್ಲೇ ಏಳು ಸಲ ತೊಳೆದಿದ್ದಳು, ನನ್ನ ಮಾತು ಕೇಳಿ.

ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ಹೇಳಬೇಕಿತ್ತು. "ತಪ್ಪು ನನ್ನದು ಕಣಮ್ಮ. ನೀನು ಕಂಡದ್ದನ್ನು ಹೇಳಿದೆ, ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಕ್ಷಮಿಸು" ಅಂದೆ. ಅವಳು ಗಾಬರಿಯಾಗಿ, "ಅಯ್ಯೋ, ಬಿಡಿ ಮೇಡಂ" ಅಂದಳು. ಉಳಿದ ಏಳು ಜನ ಯಾವುದೋ ಅಪಘಾತ ನೋಡುವವರ ಹಾಗೆ ನಿಂತಿದ್ದರು. ಮೇಡಂ ಒಬ್ಬರು ಕ್ಷಮೆ ಕೇಳಿದ್ದನ್ನು ಅವರು ಹಿಂದೆಂದೂ ನೋಡಿರಲಿಲ್ಲವಂತೆ, ಆಮೇಲೆ ಹೇಳಿದರು.

ಮಧ್ಯಾಹ್ನ ಊಟದ ಡಬ್ಬಿ ತೆರೆದು ಕೂತೆ. ಶನಿವಾರಕ್ಕೆ ನಾನು ಹಾಕಿಕೊಂಡಿದ್ದ ಯೋಜನೆ ಅಚ್ಚುಕಟ್ಟಾಗಿತ್ತು. ತಾವರೆಕೆರೆಯ ಹುಡುಗ ಕಟ್ಟೆಯ ಮೇಲೆ ನಿಂತು ನಿರರ್ಗಳವಾಗಿ ಮಾತಾಡುವುದು, ಬೋರ್ಡಿನಲ್ಲಿ ಬರಬೇಕಾದ ಉತ್ತರಗಳು ಸಿದ್ಧವಾಗಿರುವುದು, ಎಲ್ಲರದೂ ಹೊಂದುವುದು, ಪ್ರಿನ್ಸಿಪಾಲರು ತಲೆದೂಗುವುದು. ಅದನ್ನೇ ನಡೆಸಿದರೆ ಬ್ಯಾಚ್ ಸಿಗುವುದು ಖಂಡಿತ. ಆದರೆ ಸೋಮವಾರದಿಂದ ಎಂಟು ಟೇಬಲ್ಲಿನಲ್ಲಿ ಎಂಟು ಸುಳ್ಳು ಸೊನ್ನೆ ಹುಟ್ಟುತ್ತವೆ. ಡಬ್ಬಿ ಮುಚ್ಚಿ ಲ್ಯಾಬಿಗೆ ಹೋಗಿ, ಬೋರ್ಡ್ ಒರೆಸಿ, ಎಂಟೂ ಜನರನ್ನು ಕರೆದೆ.

"ಶನಿವಾರ ಬೋರ್ಡಲ್ಲಿ ಯಾವ ಉತ್ತರಾನೂ ಇರಲ್ಲ. ಯಾರ ರೀಡಿಂಗ್ ಎಷ್ಟು ಬರುತ್ತೆ ಅಂತ ನನಗೂ ಗೊತ್ತಿರಲ್ಲ. ಲ್ಯಾಬ್ ನಡೆಸೋದು ಇವಳು" ಅಂತ ವಳ್ಳೂರಿನ ಹುಡುಗಿಯನ್ನು ತೋರಿಸಿದೆ.

ಅವಳು ತಲೆಯಾಡಿಸಿಬಿಟ್ಟಳು. "ಬೇಡ ಮೇಡಂ. ನನ್ನಿಂದ ಎಲ್ಲಾರಿಗೂ ಹಾಳಾಗ್ತೈತೆ. ನಾನು ರೆಕಾರ್ಡೇ ತಿದ್ತೀನಿ."

"ಯಾಕಮ್ಮ?"

"ಆ ಕಟ್ಟೆ ಮೇಲೆ ನಿಂತ್ರೆ ನಂಗೆ ಮಾತೇ ಬರಲ್ಲ. ಟೇಬಲ್ ಹತ್ರ ಆದ್ರೆ... ಮಾತಾಡ್ತೀನಿ."

ಎಷ್ಟು ದೊಡ್ಡ ದಡ್ಡಿ ನಾನು! ನಾವು ತಯಾರು ಮಾಡಬೇಕಿದ್ದದ್ದು ಟೇಬಲ್ ಹತ್ತಿರ ಮೂರು ಮಕ್ಕಳ ಜೊತೆ ನಿಲ್ಲುವವರನ್ನು. ಅವರಿಗೆ ನಾನು ಸೋಮವಾರ ಕಟ್ಟೆ ಹತ್ತಿ ಭಾಷಣ ಮಾಡುವ ಪರೀಕ್ಷೆ ಕೊಟ್ಟಿದ್ದೆ. "ಕಟ್ಟೆ ಹತ್ತೋದೇ ಬೇಡ. ಶನಿವಾರ ಆ ಕಟ್ಟೆ ಮೇಲೆ ಯಾರೂ ನಿಲ್ಲಲ್ಲ, ನಾನೂ ಸಹ. ಈಗ ಆಯ್ತಾ?" ಅಂದೆ.

"ಹಂಗಾದ್ರೆ ಆಯ್ತು ಮೇಡಂ" ಅಂದಳು. ಆಮೇಲೆ ಕೇಳಿದಳು, "ಆದ್ರೆ ನೀರು?"

ಹೌದು, ನೀರು. ಕಾಯಿಲ್ ರಿಪೇರಿಯಾಗಿ ಬರಲು ಇನ್ನೂ ಒಂದು ವಾರ. ಗುರುವಾರ ಇಡೀ ದಿನ ನಾವು ನೀರು ಹುಡುಕಿದೆವು. ನನ್ನ ಕೆಲಸದಲ್ಲಿ ಅಷ್ಟು ಮಜವಾದ ದಿನ ಇನ್ನೊಂದಿಲ್ಲ. ಅಟೆಂಡರಣ್ಣ ತಮ್ಮ ತಪ್ಪು ತೀರಿಸಲೆಂದೇ, "ಬ್ಯಾಟ್ರಿಗೆ ಹಾಕೋ ನೀರು ಐತಲ್ಲ ಮೇಡಂ, ಅದು ಬಟ್ಟಿ ನೀರೇ ಅಂತಾರಪ್ಪ" ಅಂದರು. ಬ್ಯಾಟರಿ ಅಂಗಡಿ, ಟ್ರಾಕ್ಟರ್ ರಿಪೇರಿ, ಪಂಕ್ಚರ್ ಶಾಪು ಅಂತ ಎಂಟೂ ಜನ ಊರು ಸುತ್ತಿ ನಾಲ್ಕು ಬಗೆಯ ನೀರು ತಂದರು. ಶಿರಾದ ಹುಡುಗಿಯೊಬ್ಬಳು ಆಫೀಸಿನ ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಟಿಫನ್ ಡಬ್ಬಿಯಲ್ಲಿ ಹಿಡಿದು ತಂದಳು. "ಅರೆ, ಇದೂ ಆವಿಯಿಂದ ಆದ ನೀರೇ ತಾನೆ ಮೇಡಂ?" ಅನ್ನುವುದು ಅವಳ ವಾದ. ವಾದ ಸರಿಯಾಗಿಯೇ ಇತ್ತು.

ಈಗ ಯಾರೂ ಚೀಟಿಯ ಮೇಲೆ ಬರೆದದ್ದನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಐದು ನೀರಿಗೂ ಬಫರ್, ಇಂಡಿಕೇಟರ್ ಹಾಕಿ ಸಾಲಾಗಿ ಇಟ್ಟರು. ಟಿಫನ್ ಡಬ್ಬಿಯ ನೀರು ಮಸುಕು ನೇರಳೆಗೆ ನಿಂತಿತು, ಡಬ್ಬಿಯ ಸಾರಿನ ಪಾಲೆಷ್ಟೋ ಎ.ಸಿ.ಯ ಪಾಲೆಷ್ಟೋ. ಒಂದು ಬ್ಯಾಟರಿ ನೀರು ಢಾಳಾಗಿ ಕೆಂಪಾಯಿತು. ಎರಡು, ನಡುವಿನ ಬಣ್ಣ. ಕೊನೆಯದು, ಟ್ರಾಕ್ಟರ್ ಅಂಗಡಿಯದು, ಇಂಡಿಕೇಟರ್ ಹನಿ ಬಿದ್ದ ಕೂಡಲೇ ಶಾಯಿಯಂಥ ನೀಲಿ!

ಎಂಟೂ ಜನ ಕಿರುಚಿಕೊಂಡರು. ಪಕ್ಕದ ಭೌತಶಾಸ್ತ್ರದವರು ಏನಾಯಿತೋ ಅಂತ ಓಡಿ ಬಂದರು. ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ವಳ್ಳೂರಿನ ಹುಡುಗಿ ಮಾತ್ರ ಅದರ ಒಂದು ಹನಿಯನ್ನು ಸ್ಲೈಡಿಗೆ ಬಿಟ್ಟು ಕಿಟಕಿಯ ಬಿಸಿಲಿಗೆ ಇಟ್ಟಳು. ಒಣಗಿದ ಮೇಲೆ ಗಾಜು ಖಾಲಿ. ಆಮೇಲೆಯೇ ಅವಳು ನಕ್ಕದ್ದು.

ಶುಕ್ರವಾರ ಎಂಟು ಟೇಬಲ್ಲಿಗೆ ಎಂಟು ಜನ, ಬೆಳಿಗ್ಗೆಯಿಂದ ಸಂಜೆಯವರೆಗೆ ಅಭ್ಯಾಸ. ಒಂದೇ ನಿಯಮ: ಮಕ್ಕಳು ಏನು ಕೇಳಿದರೂ ಉತ್ತರದ ಅಂಕಿ ಹೇಳಬಾರದು, ಅವರ ಕೈಯಿಂದ ಫ್ಲಾಸ್ಕ್ ಕಿತ್ತುಕೊಳ್ಳಬಾರದು. ಒಬ್ಬರು ಮಕ್ಕಳಾಗುವುದು, ಇನ್ನೊಬ್ಬರು ಕಲಿಸುವುದು. ಕೊರಟಗೆರೆಯ ಹುಡುಗ ಮಾತ್ರ ಮೂರು ಸಲ ಫ್ಲಾಸ್ಕ್ ಕಿತ್ತುಕೊಂಡು ಮೂರು ಸಲ ಬೈಸಿಕೊಂಡ. ಮೊದಲ ಪ್ರಯೋಗವಾಗಿ ಪ್ರತಿ ಟೇಬಲ್ಲಿನ ಮೇಲೆ ಒಂದು, ಎರಡು ಅಂತ ಮಾತ್ರ ಬರೆದ ಎರಡು ಬಾಟಲ್ ಇಡುವುದು, ಒಂದರಲ್ಲಿ ಫಿಲ್ಟರ್ ನೀರು, ಒಂದರಲ್ಲಿ ಟ್ರಾಕ್ಟರ್ ಅಂಗಡಿಯ ಬ್ಯಾಟರಿ ನೀರು, ಯಾವುದು ಯಾವುದು ಅಂತ ಮಕ್ಕಳೇ ಕಂಡುಹಿಡಿಯಲಿ ಅನ್ನುವುದು ವಳ್ಳೂರಿನ ಹುಡುಗಿಯ ಯೋಚನೆ. ನನಗೆ ಹೊಟ್ಟೆಕಿಚ್ಚಾಗುವಷ್ಟು ಒಳ್ಳೆಯ ಯೋಚನೆ.

ಶನಿವಾರ ಹತ್ತು ಗಂಟೆಗೆ ಇಪ್ಪತ್ನಾಲ್ಕು ಮಕ್ಕಳು ಬಂದರು. ಅಭ್ಯಾಸಬಲದಿಂದ ನೇರ ಮುಂದಿನ ಟೇಬಲ್ಲಿನ ಸುತ್ತ ಗುಂಪುಕಟ್ಟಿದರು. "ಅಲ್ಲಲ್ಲ, ಮೂರ್ಮೂರು ಜನ ಒಂದೊಂದು ಟೇಬಲ್ಲಿಗೆ ಹೋಗಿ" ಅಂತ ವಳ್ಳೂರಿನ ಹುಡುಗಿ ಹೇಳಿದಳು. ಕೇಳಿಸಿದ್ದು ಹತ್ತಿರದವರಿಗೆ ಮಾತ್ರ. ಅವಳು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಎಂಟು ಸಲ ಹೇಳಿದಳು. ಪ್ರಿನ್ಸಿಪಾಲರು ಬಂದು ಬಾಗಿಲ ಹತ್ತಿರ ನಿಂತರು, ಕೈ ಹಿಂದೆ ಕಟ್ಟಿಕೊಂಡು.

ಹದಿನೈದು ನಿಮಿಷ ಬರೀ ಗದ್ದಲ. "ಅಕ್ಕ, ಇದು ಸೋರ್ತೈತೆ!" "ಸರ್, ತಿರುಪು ಯಾವ ಕಡೆ ತಿರುಗ್ಸೋದು?" ಒಂದು ಪಿಪೆಟ್ ಉರುಳಿ ನೆಲಕ್ಕೆ ಬಿದ್ದು ಒಡೆಯಿತು. ಪ್ರಿನ್ಸಿಪಾಲರ ಹುಬ್ಬು ಮೇಲೇರಿತು. ಅಷ್ಟರಲ್ಲಿ ಮೂರನೇ ಟೇಬಲ್ಲಿನಿಂದ, "ನೀಲಿ! ಎರಡನೇದು ನೀಲಿ!" ಅಂತ ಒಂದು ಕೂಗು. ಐದನೆಯದರಿಂದ ಇನ್ನೊಂದು. ಮಕ್ಕಳು ಫ್ಲಾಸ್ಕನ್ನು ಬೆಳಕಿಗೆ ಎತ್ತಿ ಹಿಡಿದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಪಾವಗಡದ ಕಡೆಯ ಒಬ್ಬ ಹುಡುಗ ರೀಡಿಂಗ್ ಬರೆಯುವ ಮೊದಲು ವಳ್ಳೂರಿನ ಹುಡುಗಿಯನ್ನು ತೆಲುಗಿನಲ್ಲಿ ಮೆಲ್ಲಗೆ ಕೇಳಿದ, "ಅಕ್ಕಾ, ಇದಿ ಎಂತ ರಾವಾಲಿ?" ಇದು ಎಷ್ಟು ಬರಬೇಕು ಅಂತ.

"ಎಂತ ವಸ್ತೆ ಅಂತ ರಾಯಿ" ಅಂದಳು ಇವಳು. ಎಷ್ಟು ಬರುತ್ತೋ ಅಷ್ಟು ಬರಿ.

ಆಗ ಆರನೇ ಟೇಬಲ್ಲಿನಲ್ಲಿ ಎಡವಟ್ಟಾಯಿತು. ಅದು ಕೊರಟಗೆರೆಯ ಹುಡುಗನ ಟೇಬಲ್. ಅವನ ಮಕ್ಕಳ ಎರಡೂ ಫ್ಲಾಸ್ಕ್ ಕೆಂಪು. ಮಂಗಳವಾರವಾಗಿದ್ದರೆ ಅವನು ಸದ್ದಿಲ್ಲದೆ ಸೊನ್ನೆ ಹಾಕಿಸಿಬಿಡುತ್ತಿದ್ದ. ಈವತ್ತು ಪ್ರಿನ್ಸಿಪಾಲರು ಬಾಗಿಲು ಬಿಟ್ಟು ಬಂದು ಪಕ್ಕದಲ್ಲೇ ನಿಂತಿದ್ದರೂ ಕೈಯೆತ್ತಿ, "ಇಲ್ಲಿ ಎರಡೂ ಕೆಂಪು!" ಅಂದ. ಬೆವರುತ್ತಿದ್ದ, ಆದರೆ ಹೇಳಿದ. ನನಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಪ್ರಿನ್ಸಿಪಾಲರು ಬಗ್ಗಿ, "ಅಂದ್ರೆ ಇವರದ್ದು ಫೇಲಾ?" ಅಂತ ಕೇಳಿದರು.

ಆ ಮಾತು ಕಿವಿಗೆ ಬಿದ್ದದ್ದೇ ನನ್ನ ನಿಯಮಗಳೆಲ್ಲ ಗಾಳಿಗೆ ಹೋದವು. ಹೇಗೆ ಹೋದೆನೋ ಗೊತ್ತಿಲ್ಲ, ಆರನೇ ಟೇಬಲ್ ಹತ್ತಿರ ಇದ್ದೆ, ಮೊದಲ ವರ್ಷದ ಹುಡುಗಿಯ ಕೈಯಿಂದ ಫ್ಲಾಸ್ಕ್ ಕಿತ್ತುಕೊಂಡಿದ್ದೆ. "ಕೊಡಿಲ್ಲಿ, ಒಂದು ನಿಮಿಷ, ಸರ್, ಇದೇನಿಲ್ಲ..."

"ಮೇಡಂ."

ತಿರುಗಿದೆ. ವಳ್ಳೂರಿನ ಹುಡುಗಿ.

"ಮೇಡಂ, ಫ್ಲಾಸ್ಕ್ ಅವ್ರಿಗೆ ಕೊಡಿ. ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ."

ಇಡೀ ಲ್ಯಾಬಿಗೆ ಕೇಳಿಸಿತು. ಬಾಗಿಲಲ್ಲಿದ್ದ ಅಟೆಂಡರಣ್ಣನಿಗೂ ಕೇಳಿಸಿತು. ಇಪ್ಪತ್ನಾಲ್ಕು ಮಕ್ಕಳ ಕೈಗಳು ಇದ್ದಲ್ಲೇ ನಿಂತವು. ಪ್ರಿನ್ಸಿಪಾಲರು ನನ್ನ ಮುಖವನ್ನೇ ನೋಡುತ್ತಿದ್ದರು, ಇವಳೀಗ ಏನು ಮಾಡುತ್ತಾಳೆ ಅಂತ. ನಾನು ಫ್ಲಾಸ್ಕನ್ನು ಆ ಮಗುವಿಗೆ ವಾಪಸ್ ಕೊಟ್ಟು, ಹೋಗಿ ಬೀರುವಿಗೆ ಬೆನ್ನು ಕೊಟ್ಟು ನಿಂತೆ.

ವಳ್ಳೂರಿನವಳು ಅವರ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. "ಕೆಂಪು ಬಂದ್ರೆ ಫೇಲಲ್ಲ. ಎಲ್ಲಿಂದ ಬಂತು ಅಂತ ಹುಡುಕೋಣ. ಬಾಟಲಿ ನೀರಿಂದ ಬಂದಿರ್ಬೋದು, ಇನ್ನೆಲ್ಲಿಂದ ಬಂದಿರ್ಬೋದು?"

ಮೂವರೂ ಯೋಚಿಸಿದರು. ಒಬ್ಬಳು ಅನುಮಾನದಿಂದ, "ಅಕ್ಕ, ನಾವು ಫ್ಲಾಸ್ಕ್ ನಲ್ಲಿ ನೀರಲ್ಲಿ ತೊಳೆದು ಹಂಗೇ ತಗಂಡ್ವಿ. ಅದೇನಾದ್ರೂ..." ಅಂದಳು.

"ಮಾಡಿ ನೋಡು."

ತೊಳೆದರು, ಈ ಸಲ ಎರಡನೇ ಬಾಟಲಿನ ನೀರಿನಿಂದಲೇ ಮೂರು ಸಲ ಜಾಲಿಸಿದರು. ಮತ್ತೆ ಅಳೆದರು, ಬಫರ್ ಹಾಕಿದರು. ಕೊರಟಗೆರೆಯವನು ಕೈ ಕಟ್ಟಿಕೊಂಡು ನಿಂತಿದ್ದ, ಕಿತ್ತುಕೊಳ್ಳಬಾರದು ಅಂತ ಉಗುರುಗಳು ತೋಳಿಗೆ ಒತ್ತಿದ್ದವು. ಆ ಹುಡುಗಿ ಇಂಡಿಕೇಟರ್ ಬಿಟ್ಟಳು. ಒಂದು ಹನಿ. ಎರಡನೇ ಹನಿ.

"ಬಂತು!" ಅಂತ ಮೊದಲು ಕೂಗಿದ್ದು ಪ್ರಿನ್ಸಿಪಾಲರು.

ಅವರು ಹಾಗೆ ಕೂಗಿದ್ದಕ್ಕೆ ಅವರಿಗೇ ನಾಚಿಕೆಯಾಯಿತೇನೋ, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು, ಜೇಬಿನಿಂದ ಬ್ಯಾಚುಗಳ ಪಟ್ಟಿ ತೆಗೆದು ಬೀರುವಿನ ಬಾಗಿಲ ಮೇಲೇ ಇಟ್ಟು ಸಹಿ ಹಾಕಿದರು. "ಸೋಮವಾರದಿಂದ ಎಂಟೂ ಜನಕ್ಕೆ ಕೊಡಿ" ಅಂದರು.

"ನಾವಿಬ್ರೂ ಹೊರಗೆ ಹೋಗೋಣ ಬನ್ನಿ ಮೇಡಂ," ಅಂದರು. "ಅವರ ಕೆಲಸಕ್ಕೆ ಅಡ್ಡ ಆಗ್ತಾ ಇದ್ದೀವಿ."

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗೆ ಎಂಟೂ ಟೇಬಲ್ಲಿನಲ್ಲಿ ಮಾತು ನಡೆದೇ ಇತ್ತು. ಒಬ್ಬರೂ ನನ್ನನ್ನು ಕರೆಯಲಿಲ್ಲ.